ಟ್ರಂಕು ಎಲ್ಲಿದೆ ಗೊತ್ತು, ಮೇಲ್ ಎಲ್ಲಿದೆ?

(ಮಡಿಕೇರಿಯಲ್ಲಿ ಹೋಂಸ್ಟೇ ನಡೆಸೋರು, ಕಾಫಿ ಬೆಳೆಗಾರರು, ಸಣ್ಣ ಆಫೀಸುಗಳಲ್ಲಿ ಲೆಕ್ಕ ನೋಡ್ಕೊಳ್ಳೋರು ಸೇರಿದ್ದಾಗ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಕತ್ತರಿ ಹಾಕಿದ್ದೇನೆ.)

2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟು ಬಂದವರು ಇಲ್ಲಿ ಇದ್ದೀರಿ, ಮಕ್ಕಂದೂರು ಕಡೆಯವರು, ಜೋಡುಪಾಲ ಕಡೆಯವರು. ಕೈ ಎತ್ತೋದೇನೂ ಬೇಡ. ಹೊರಡುವಾಗ ಏನು ಎತ್ಕೊಂಡ್ರಿ ಅಂತ ಮಾತ್ರ ಒಂದ್ಸಲ ನೆನಪು ಮಾಡ್ಕೊಳ್ಳಿ. ಜಾಗದ ಪತ್ರ ಇದ್ದ ಟ್ರಂಕು, ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು, ಇದ್ರೆ ಒಡವೆ. ಟ್ರಂಕು ಯಾವ ಮಂಚದ ಕೆಳಗಿದೆ ಅಂತ ಮನೇಲಿ ಚಿಕ್ಕ ಹುಡುಗನಿಗೂ ಗೊತ್ತಿತ್ತು, ಕರೆಂಟ್ ಇಲ್ಲದ ಕತ್ತಲಲ್ಲೂ ಕೈಗೆ ಸಿಕ್ತು. ಈಗ ಹೇಳಿ, ನಿಮ್ಮ ಆಫೀಸ್ ಕಂಪ್ಯೂಟರಲ್ಲಿ ಹತ್ತು ವರ್ಷದ ಮೇಲ್ ಇದೆಯಲ್ಲ, ಕಾಫಿ ವ್ಯಾಪಾರದವರ ಜೊತೆ ರೇಟ್ ಮಾತಾಡಿದ್ದು, ಹೋಂಸ್ಟೇ ಬುಕಿಂಗು, ಆಡಿಟರ್ ಕಳಿಸಿದ್ದು, ಅದು ಆ ಡಬ್ಬದ ಒಳಗೆ ಎಲ್ಲಿದೆ? ಔಟ್‌ಲುಕ್ ಅನ್ನೋ ಮೇಲ್ ಸಾಫ್ಟ್‌ವೇರ್ ಒಳಗಿದೆ ಅನ್ಬೇಡಿ. ಔಟ್‌ಲುಕ್ ಬಾಗಿಲು ಅಷ್ಟೇ, ನಾನು ಕೇಳ್ತಿರೋದು ಕೋಣೆ ಯಾವುದು ಅಂತ.

ಯಾರೂ ಮಾತಾಡ್ತಾ ಇಲ್ಲ. ನಾಚಿಕೆ ಪಡೋಂಥದ್ದೇನಿಲ್ಲ ಬಿಡಿ, ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೀತಿರೋ ನನಗೇ ಶುರುವಿನಲ್ಲಿ ಗೊತ್ತಿರಲಿಲ್ಲ, ಆ ಗೊತ್ತಿಲ್ಲದ್ದಕ್ಕೆ ಬೆಲೆ ಕೊಟ್ಟವರು ಬೇರೆಯವರು.

ಆ ಕತೆ ಹೇಳಿಯೇ ಮುಂದೆ ಹೋಗ್ತೇನೆ. ವಿಂಡೋಸ್ ಎಕ್ಸ್‌ಪಿ ಕಾಲ. ಗೋಣಿಕೊಪ್ಪ ಕಡೆಯ ತೋಟದ ಯಜಮಾನರೊಬ್ಬರು ಕಂಪ್ಯೂಟರ್ ಸ್ಲೋ ಆಗಿದೆ, ಫಾರ್ಮ್ಯಾಟ್ ಮಾಡಿಕೊಡು ಅಂತ ಜೀಪಲ್ಲಿ ತಂದು ಇಳಿಸಿ ಹೋದ್ರು. ನಾನು ಕಲಿತ ಪಾಠ ಏನು ಅಂದ್ರೆ ಮೈ ಡಾಕ್ಯುಮೆಂಟ್ಸ್ ಕಾಪಿ ಮಾಡು, ಡೆಸ್ಕ್‌ಟಾಪ್ ಕಾಪಿ ಮಾಡು, ಡಿ ಡ್ರೈವ್ ಮುಟ್ಬೇಡ, ಸಿ ಡ್ರೈವ್ ಒರೆಸು. ಅಷ್ಟೂ ಚಾಚೂ ತಪ್ಪದೆ ಮಾಡಿದೆ. ಮಾರನೇ ದಿನ ಫೋನು, ಮಗಾ ಮೇಲ್ ಎಲ್ಲಾ ಎಲ್ಲಿ ಹೋಯ್ತು. ಪಾಪ್ ಅಕೌಂಟು ಅದು, ಅಂದ್ರೆ ಸರ್ವರಿಂದ ಮೇಲ್ ಇಳಿಸ್ಕೊಂಡ ಮೇಲೆ ಅಲ್ಲಿಂದ ಅಳಿಸಿ ಬಿಡ್ತದೆ, ಅಂಚೆಯವನು ಕಾಗದ ಕೊಟ್ಟ ಹಾಗೆ, ಕೊಟ್ಟ ಮೇಲೆ ಅವನ ಚೀಲದಲ್ಲಿ ಇರೋದಿಲ್ಲ. ಹೊರದೇಶದ ಖರೀದಿದಾರರ ಜೊತೆ ಮಾಡಿದ ಪತ್ರವ್ಯವಹಾರ ಎಲ್ಲಾ ಆ ಒಂದೇ ಮಿಷಿನಲ್ಲಿ ಇತ್ತು, ನಾನು ಒರೆಸಿದ್ದೆ. ಬೈಲಿಲ್ಲ ಅವರು, ಕೂತ್ಕೋ ಅಂದ್ರು, ಕಾಫಿ ಕೊಟ್ರು, ಅದು ಬೈಗುಳಕ್ಕಿಂತ ಕಷ್ಟ ಆಯ್ತು.

ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆಮೇಲೆ ಆ ಕಾಲದ ಮೇಲ್ ಸಾಫ್ಟ್‌ವೇರ್‌ಗಳು ಫೈಲ್ ಎಲ್ಲಿಡ್ತಾವೆ ಅಂತ ಹುಡುಕ್ತಾ ಹೋದೆ ನೋಡಿ, ಆಗ ತಲೆ ತಿರುಗಿದ್ದು. ಉದಾಹರಣೆಗೆ ಔಟ್‌ಲುಕ್ ಎಕ್ಸ್‌ಪ್ರೆಸ್. ಎಕ್ಸ್‌ಪಿಯಲ್ಲಿ ಅದರ ದಾರಿ ಹೇಳ್ತೇನೆ, ಉಸಿರು ಹಿಡ್ಕೊಂಡು ಕೇಳಿ: ಸಿ ಡ್ರೈವ್, ಅದರೊಳಗೆ ಡಾಕ್ಯುಮೆಂಟ್ಸ್ ಆಂಡ್ ಸೆಟ್ಟಿಂಗ್ಸ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಲೋಕಲ್ ಸೆಟ್ಟಿಂಗ್ಸ್ ಅನ್ನೋ ಕಣ್ಣಿಗೆ ಕಾಣದ ಫೋಲ್ಡರು, ಅದರೊಳಗೆ ಆಪ್ಲಿಕೇಶನ್ ಡೇಟಾ, ಅದರೊಳಗೆ ಐಡೆಂಟಿಟೀಸ್, ಅದರೊಳಗೆ 32 ಅಕ್ಷರ ಅಂಕಿ ಕಲಸಿದ ಒಂದು ಹೆಸರು, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಔಟ್‌ಲುಕ್ ಎಕ್ಸ್‌ಪ್ರೆಸ್, ಅಲ್ಲಿ ಇನ್‌ಬಾಕ್ಸ್ ಡಾಟ್ ಡಿಬಿಎಕ್ಸ್ ಅನ್ನೋ ಫೈಲು, ಮೇಲ್ ಇರೋದು ಅದರಲ್ಲಿ. ನಮ್ಮ ಹಿರಿಯರು ಕೋವಿ ಕಾಲದಲ್ಲಿ ನಿಧಿ ಹೂತಿಟ್ಟಿದ್ರೂ ಇಷ್ಟು ಆಳಕ್ಕೆ ಹೂತಿರಲಿಕ್ಕಿಲ್ಲ. ಅದೇ ಕಂಪ್ಯೂಟರಲ್ಲಿ ಒಂದು ವರ್ಡ್ ಫೈಲ್, ಯಾವುದೋ ಮದುವೆ ಕಾಗದದ ಡ್ರಾಫ್ಟು, ಮೈ ಡಾಕ್ಯುಮೆಂಟ್ಸಲ್ಲಿ ಎದುರಿಗೇ ಕೂತಿರ್ತದೆ. ಅಂದ್ರೆ ನೀವು ಬರೆದ ಕಾಗದ ನಿಮ್ಮದು, ನಿಮಗೆ ಬಂದ ಕಾಗದ ಸಾಫ್ಟ್‌ವೇರಿಂದು ಅಂತ ಯಾರೋ ಲೆಕ್ಕ ಹಾಕಿದ ಹಾಗಿದೆ. ನನ್ನ ತಕರಾರು ಇಷ್ಟೇ, ಉಳಿದದ್ದೆಲ್ಲ ಇದರ ಸುತ್ತವೇ ಇರೋದು.

ಅದಕ್ಕೂ ಹಿಂದೆ ಹೇಗಿತ್ತು ಅಂತ ಒಂಚೂರು ನೋಡೋಣ. ಯೂನಿಕ್ಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಓಡೋ ಮಿಷಿನುಗಳಲ್ಲಿ ಬಂದ ಮೇಲ್ ಎಲ್ಲರದ್ದೂ ಒಂದು ಸಾರ್ವಜನಿಕ ಜಾಗದಲ್ಲಿ, ವಾರ್ ಅನ್ನೋ ಡೈರೆಕ್ಟರಿ, ಅಂದ್ರೆ ಫೋಲ್ಡರು, ಅದರೊಳಗೆ ಮೇಲ್ ಅಂತ, ಅಲ್ಲಿ ನಿಮ್ಮ ಹೆಸರಿನ ಒಂದೇ ಫೈಲ್. ಓದಿ ಆದದ್ದು ನಿಮ್ಮ ಹೋಮ್ ಡೈರೆಕ್ಟರಿಗೆ ಎಂಬಾಕ್ಸ್ ಅನ್ನೋ ಹೆಸರಲ್ಲಿ. ಪೋಸ್ಟಾಫೀಸು ಬೇರೆ, ಮನೆ ಬೇರೆ, ಸರಳ. ಆಮೇಲೆ ಪರ್ಸನಲ್ ಕಂಪ್ಯೂಟರ್ ಬಂತು. ಯೂಡೋರಾ ಅಂತ ಒಂದು ಮೇಲ್ ಸಾಫ್ಟ್‌ವೇರ್ ಇತ್ತು, ಸ್ಟೀವ್ ಡಾರ್ನರ್ ಅನ್ನೋರು 1988ರಲ್ಲಿ ಇಲಿನಾಯ್ ಯೂನಿವರ್ಸಿಟಿಯಲ್ಲಿ ಬರೆದದ್ದು. ಪೆಗಾಸಸ್ ಮೇಲ್, ನ್ಯೂಜಿಲೆಂಡಿನ ಡೇವಿಡ್ ಹ್ಯಾರಿಸ್ ಅವರದ್ದು, 1990. ಇವು ವಿಂಡೋಸಲ್ಲಿ ಹಳೇ ಕಾಲದಲ್ಲಿ ಸಾಫ್ಟ್‌ವೇರ್ ಎಲ್ಲಿದೆಯೋ ಅಲ್ಲೇ ಪಕ್ಕದಲ್ಲಿ ಮೇಲ್ ಇಡ್ತಿದ್ವು. ಅದರಲ್ಲಿ ಒಂದು ಸುಖ ಇತ್ತು, ಯೂಡೋರಾ ಫೋಲ್ಡರ್ ಎತ್ತಿ ಇನ್ನೊಂದು ಮಿಷಿನಿಗೆ ಹಾಕಿದ್ರೆ ಸಾಫ್ಟ್‌ವೇರೂ ಬಂತು ಮೇಲೂ ಬಂತು, ಸಂಸಾರ ಸಮೇತ ಲಾರಿ ಹತ್ತಿದ ಹಾಗೆ.

ತಾಪತ್ರಯ ಶುರುವಾದದ್ದು ಒಂದು ಕಂಪ್ಯೂಟರನ್ನ ಮೂರು ಜನ ಬಳಸೋಕೆ ಶುರು ಮಾಡಿದ ಮೇಲೆ. ಅಪ್ಪನ ಮೇಲ್ ಮಗ ಓದ್ತಾನೆ. ಆಮೇಲೆ ಸಾಫ್ಟ್‌ವೇರ್ ಇರೋ ಫೋಲ್ಡರಿಗೆ ಸಾಮಾನ್ಯ ಬಳಕೆದಾರ ಬರೆಯೋ ಹಾಗೇ ಇರಬಾರದು, ಬರೆಯೋಕೆ ಬಿಟ್ರೆ ವೈರಸ್ಸೂ ಬರೀತದೆ. ಎಕ್ಸ್‌ಪಿ ಆದ ಮೇಲೆ ಬಂದ ವಿಂಡೋಸ್ ವಿಸ್ತಾದಲ್ಲಿ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಇರೋ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಬೀಗ ಜಡೀತು, ಹಳೇ ಸಾಫ್ಟ್‌ವೇರ್ ಏನಾದ್ರೂ ಅಲ್ಲಿ ಬರೆಯೋಕೆ ಹೋದ್ರೆ ವಿಂಡೋಸು ಸದ್ದಿಲ್ಲದೆ ಅದನ್ನ ವರ್ಚುವಲ್‌ಸ್ಟೋರ್ ಅನ್ನೋ ಬೇರೆ ಫೋಲ್ಡರಿಗೆ ತಿರುಗಿಸಿ ಬಿಡ್ತದೆ. ಸಾಫ್ಟ್‌ವೇರಿಗೆ ತಾನು ಮನೇಲೇ ಇದ್ದೇನೆ ಅಂತ ಭ್ರಮೆ, ನೀವು ಹೋಗಿ ನೋಡಿದ್ರೆ ಫೋಲ್ಡರ್ ಹಳೇದು. ಹಾಗಾಗಿ ಸಾಫ್ಟ್‌ವೇರ್ ಪಕ್ಕದಲ್ಲೇ ಮೇಲ್ ಇಡೋದು ಇವತ್ತಿಗೆ ಆಗೋ ಮಾತಲ್ಲ, ಪೆನ್‌ಡ್ರೈವಲ್ಲಿ ಓಡೋ ಪೋರ್ಟಬಲ್ ಸಾಫ್ಟ್‌ವೇರ್ ಒಂದನ್ನ ಬಿಟ್ರೆ.

ಈಗ ಬಳಕೆಯಲ್ಲಿರೋದಕ್ಕೆ ಬರ್ತೇನೆ. ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್, ನಾನೇ ಬಳಸೋದು ಅದು, ಅದಕ್ಕೇ ಅದರ ಮೇಲೆ ಕೋಪವೂ ಜಾಸ್ತಿ. ನಿಮ್ಮ ಹೆಸರಿನ ಫೋಲ್ಡರಲ್ಲಿ ಆಪ್‌ಡೇಟಾ, ಅದು ಕಾಣೋದಿಲ್ಲ, ಅದರಲ್ಲಿ ರೋಮಿಂಗ್, ಅದರಲ್ಲಿ ಥಂಡರ್‌ಬರ್ಡ್, ಪ್ರೊಫೈಲ್ಸ್, ಅಲ್ಲಿ ಎಂಟು ಅಡ್ಡಾದಿಡ್ಡಿ ಅಕ್ಷರದಿಂದ ಶುರುವಾಗೋ ಹೆಸರಿನ ಒಂದು ಫೋಲ್ಡರು, ಅದೇ ನಿಮ್ಮ ಪ್ರೊಫೈಲು. ಆ ಎಂಟಕ್ಷರ ಯಾಕೆ ಅಂದ್ರೆ ಕೆಟ್ಟ ಪ್ರೋಗ್ರಾಮೊಂದು ನಿಮ್ಮ ಫೈಲಿನ ದಾರಿಯನ್ನ ಊಹೆ ಮಾಡಬಾರದು ಅಂತ. ಕಾರಣ ಒಪ್ಪೋಣ, ಆದ್ರೆ ಕಳ್ಳನಿಗೆ ಸಿಗಬಾರದು ಅಂತ ಬೀಗದ ಕೈ ಅಡಗಿಸಿಟ್ಟು ಮನೆಯವರಿಗೇ ಹೇಳದೆ ಹೋದ್ರೆ ಹೇಗೆ? ಅದಕ್ಕಿಂತ ದೊಡ್ಡ ವಿಷಯ, ಆ ಒಂದೇ ಫೋಲ್ಡರಲ್ಲಿ ಎಲ್ಲಾ ಇದೆ. ನಿಮ್ಮ ಮೇಲ್ ಇದೆ, ಅಡ್ರೆಸ್ ಬುಕ್ ಇದೆ, ಪಾಸ್‌ವರ್ಡ್ ಇದೆ, ಕಿಟಕಿ ಎಷ್ಟು ಅಗಲ ಇರಬೇಕು ಅನ್ನೋ ಸೆಟ್ಟಿಂಗೂ ಇದೆ, ಐಮ್ಯಾಪ್, ಅಂದ್ರೆ ಅಸಲು ಸರ್ವರಲ್ಲೇ ಉಳಿಯೋ ವ್ಯವಸ್ಥೆ, ಅದರಲ್ಲಿ ಬಂದ, ಸರ್ವರಿಂದ ಮತ್ತೆ ಇಳಿಸ್ಕೋಬಹುದಾದ ಮೇಲಿನ ಕಾಪಿಯೂ ಇದೆ. ಕಣಜದಲ್ಲಿ ಭತ್ತದ ಜೊತೆ ಚಪ್ಪಲಿಯನ್ನೂ ಇಟ್ಟ ಹಾಗೆ.

ಇನ್ನು ಆ ರೋಮಿಂಗ್ ಅಂದ್ರೆ ಏನು ಅಂತ ಒಬ್ಬರು ಸಾರ್ ಮೊದಲೇ ಚೀಟಿ ಕಳಿಸಿದ್ದಾರೆ, ಆಫೀಸಲ್ಲಿ ಕೆಲಸ ಮಾಡೋರು ಇರಬೇಕು. ದೊಡ್ಡ ಆಫೀಸಿನ ನೆಟ್‌ವರ್ಕಲ್ಲಿ ನೀವು ಯಾವ ಕಂಪ್ಯೂಟರಲ್ಲಿ ಲಾಗಿನ್ ಆದ್ರೂ ನಿಮ್ಮ ಸೆಟ್ಟಿಂಗು ನಿಮ್ಮ ಹಿಂದೆಯೇ ಬರೋ ವ್ಯವಸ್ಥೆ ಒಂದಿದೆ. ರೋಮಿಂಗ್ ಅನ್ನೋ ಫೋಲ್ಡರಲ್ಲಿ ಇರೋದು ಲಾಗಿನ್ ಆದಾಗ ಸರ್ವರಿಂದ ಬರ್ತದೆ, ಲಾಗೌಟ್ ಆದಾಗ ವಾಪಸ್ ಹೋಗ್ತದೆ. ಲೋಕಲ್ ಅನ್ನೋದರಲ್ಲಿ ಇರೋದು ಆ ಮಿಷಿನಲ್ಲೇ ಉಳೀತದೆ. ಸೆಟ್ಟಿಂಗು ಚಿಕ್ಕದು, ಓಡಾಡಿದ್ರೆ ತೊಂದರೆ ಇಲ್ಲ. ಆದ್ರೆ 10 ಜಿಬಿ ಮೇಲನ್ನ ರೋಮಿಂಗಲ್ಲಿ ಇಟ್ರೆ ಬೆಳಿಗ್ಗೆ ಲಾಗಿನ್ ಮಾಡಿ ಕ್ಯಾಂಟೀನಿಗೆ ಹೋಗಿ ತಿಂಡಿ ತಿಂದು ಬಂದ್ರೂ ಚಕ್ರ ತಿರುಗ್ತಾನೇ ಇರ್ತದೆ. ಈ ಒಂದು ವಿಷಯದಲ್ಲಿ ಔಟ್‌ಲುಕ್ ಬುದ್ಧಿವಂತ ಕೆಲಸ ಮಾಡಿದೆ, ದೊಡ್ಡ ಫೈಲನ್ನ ಲೋಕಲ್ ಕಡೆಗೇ ಇಟ್ಟಿತ್ತು.

ಔಟ್‌ಲುಕಲ್ಲಿ ಇನ್ನೊಂದು ಒಳ್ಳೇದಿದೆ, ಅದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ. ಅದರಲ್ಲಿ ಎರಡು ಥರದ ಫೈಲು, ಪಿಎಸ್‌ಟಿ ಮತ್ತೆ ಓಎಸ್‌ಟಿ. ಓಎಸ್‌ಟಿ ಅಂದ್ರೆ ಸರ್ವರಲ್ಲಿ ಇರೋದರ ನಕಲು, ಹೋದ್ರೂ ಮತ್ತೆ ಕಟ್ಕೋಬಹುದು. ಪಿಎಸ್‌ಟಿ ಅಂದ್ರೆ ಅಸಲು, ಹೋದ್ರೆ ಹೋಯ್ತು. 2010ರ ಔಟ್‌ಲುಕಿಂದ ಏನು ಮಾಡಿದ್ರು, ಹೊಸ ಪಿಎಸ್‌ಟಿಯನ್ನ ಡಾಕ್ಯುಮೆಂಟ್ಸ್ ಒಳಗೆ ಔಟ್‌ಲುಕ್ ಫೈಲ್ಸ್ ಅಂತ ಕಾಣೋ ಹಾಗೆ ಇಟ್ರು, ಓಎಸ್‌ಟಿಯನ್ನ ಆಪ್‌ಡೇಟಾ ಲೋಕಲಲ್ಲೇ ಅಡಗಿಸಿಟ್ರು. ಅಸಲು ಎದುರಿಗೆ, ನಕಲು ಒಳಗೆ. ನನಗೆ ಕೇಳಿದ್ರೆ ಎಲ್ಲಾ ಮೇಲ್ ಸಾಫ್ಟ್‌ವೇರೂ ಮಾಡಬೇಕಾದದ್ದು ಇದನ್ನೇ.

ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವೂ ಹೇಳಬೇಕು. ಕಾಣೋ ಜಾಗದಲ್ಲಿ ಇಟ್ರೆ ಏನಾಗ್ತದೆ? ಸೋಮವಾರಪೇಟೆ ಕಡೆಯ ಒಬ್ಬರ ಮನೇಲಿ, ಮಗ ಕಾಲೇಜಿಂದ ರಜಕ್ಕೆ ಬಂದವನು ಡಿಸ್ಕ್ ಫುಲ್ ಅಂತ ಬರ್ತಿದೆ ಅಂತ ದೊಡ್ಡ ಫೈಲ್ ಹುಡುಕಿದ, 18 ಜಿಬಿಯ ಒಂದು ಫೈಲು ಸಿಕ್ತು, ಯಾವುದೋ ಹಳೇ ಸಿನಿಮಾ ಇರಬೇಕು ಅಂತ ಶಿಫ್ಟ್ ಒತ್ತಿ ಡಿಲೀಟ್ ಹೊಡೆದ. ಅಪ್ಪನ ಜಗತ್ತೇ ಹೋಯ್ತು. ಹಾಗಾಗಿ ಅಡಗಿಸಿಡ್ಬೇಕು ಅನ್ನೋರ ವಾದದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಆದ್ರೆ ಅಲ್ಲಿ ಕೆಟ್ಟದ್ದು ಜಾಗ ಅಲ್ಲ, ಹೆಸರು. ಆ ಫೈಲಿಗೆ ನಿಮ್ಮೆಲ್ಲಾ ಮೇಲ್ ಇಲ್ಲಿದೆ ಅಂತ ಅರ್ಥ ಆಗೋ ಹೆಸರಿದ್ದಿದ್ರೆ ಆ ಹುಡುಗ ಮುಟ್ಟುತ್ತಿದ್ನಾ? ಟ್ರಂಕಿನ ಮೇಲೆ ಅಜ್ಜನ ಹೆಸರು ಪೇಂಟಲ್ಲಿ ಬರೆದಿರ್ತಾರಲ್ಲ, ಅದು ಶೋಕಿಗೆ ಅಲ್ಲ.

ಡಾಕ್ಯುಮೆಂಟ್ಸಲ್ಲಿ ಇಡೋದಕ್ಕೆ ಈಚೆಗೆ ಇನ್ನೊಂದು ಕಾಟ ಸೇರ್ಕೊಂಡಿದೆ. ಮೈಕ್ರೋಸಾಫ್ಟಿನ ಒನ್‌ಡ್ರೈವ್ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಎತ್ತಿ ಕ್ಲೌಡಿಗೆ ಸಿಂಕ್ ಮಾಡ್ತದೆ, ಅಂದ್ರೆ ಇಲ್ಲಿ ಬದಲಾದದ್ದು ಇಂಟರ್ನೆಟ್ಟಲ್ಲಿರೋ ನಕಲಲ್ಲೂ ತಾನಾಗೇ ಬದಲಾಗ್ತದೆ, ಎಷ್ಟೋ ಜನಕ್ಕೆ ಅದು ಆನ್ ಆಗಿದೆ ಅಂತಲೇ ಗೊತ್ತಿರೋದಿಲ್ಲ. ಫೋಟೋಗೆ, ವರ್ಡ್ ಫೈಲಿಗೆ ಅದು ಚೆನ್ನಾಗಿದೆ. ಮೇಲ್ ಫೈಲು ಹಾಗಲ್ಲ, ಸಾಫ್ಟ್‌ವೇರ್ ತೆರೆದಿರೋಷ್ಟು ಹೊತ್ತೂ ಅದು ತೆರೆದೇ ಇರ್ತದೆ, ಒಂದು ಮೇಲ್ ಬಂದ್ರೂ ಇಡೀ ಫೈಲ್ ಬದಲಾಗಿದೆ ಅಂತ ಲೆಕ್ಕ. ಒಂದು ಕಡೆ ಔಟ್‌ಲುಕ್ ಎಳೀತದೆ, ಇನ್ನೊಂದು ಕಡೆ ಸಿಂಕ್ ಎಳೀತದೆ. ಇನ್ನೂ ಕೆಲವು ಜಾಣರು ಥಂಡರ್‌ಬರ್ಡ್ ಪ್ರೊಫೈಲನ್ನ ಸಿಂಕ್ ಆಗೋ ಫೋಲ್ಡರಲ್ಲಿ ಇಟ್ಟು ಮನೇಲೂ ಆಫೀಸಲ್ಲೂ ಒಟ್ಟಿಗೇ ತೆರೀತಾರೆ, ಮಾಡ್ಬೇಡಿ, ಒಂದು ಎಲೇಲಿ ಇಬ್ಬರು ಕೂತು ಉಂಡ ಹಾಗೆ ಆಗ್ತದೆ, ಯಾವ ಮೇಲ್ ಎಲ್ಲಿದೆ ಅನ್ನೋ ಇಂಡೆಕ್ಸ್ ಕಲಸಿ ಹೋಗ್ತದೆ. ನೆಟ್‌ವರ್ಕ್ ಡ್ರೈವಲ್ಲಿ ಪಿಎಸ್‌ಟಿ ಇಟ್ಟು ಬಳಸೋದಕ್ಕೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಇಲ್ಲಿ ಜಾಗದ ಜೊತೆ ಆಕಾರದ ಮಾತೂ ಬರ್ತದೆ. ಇಡೀ ಇನ್‌ಬಾಕ್ಸು ಒಂದೇ ಉದ್ದದ ಫೈಲಲ್ಲಿ ಇಡೋದಾ, ಒಂದೊಂದು ಮೇಲಿಗೆ ಒಂದೊಂದು ಫೈಲಾ? ಎಂಬಾಕ್ಸ್ ಅನ್ನೋದು ಒಂದೇ ಫೈಲು, ಥಂಡರ್‌ಬರ್ಡಲ್ಲಿ ಸಾಮಾನ್ಯಕ್ಕೆ ಇರೋದು ಅದೇ. ಅದರ ಗುಣ ಏನು ಅಂದ್ರೆ ನೋಟ್‌ಪ್ಯಾಡಲ್ಲೂ ತೆರೆದು ಓದಬಹುದು, ನಾಳೆ ಆ ಸಾಫ್ಟ್‌ವೇರೇ ಇಲ್ಲದೆ ಹೋದ್ರೂ ಮೇಲ್ ಬದುಕಿರ್ತದೆ. ದೋಷ ಏನು ಅಂದ್ರೆ ಅದರೊಳಗಿನ ಒಂದು ಮೇಲಲ್ಲಿ ವೈರಸ್ ಕಂಡ್ರೆ ಆಂಟಿವೈರಸ್ ಇಡೀ ಇನ್‌ಬಾಕ್ಸನ್ನೇ ಎತ್ತಿ ಕ್ವಾರಂಟೈನಿಗೆ ಹಾಕಬಹುದು. ಇನ್ನೊಂದು ದಾರಿ ಮೇಲ್‌ಡಿರ್, ಕ್ಯೂಮೇಲ್ ಅನ್ನೋ ಮೇಲ್ ಸರ್ವರ್ ಸಾಫ್ಟ್‌ವೇರ್ ಬರೆದ ಡೇನಿಯಲ್ ಬರ್ನ್‌ಸ್ಟೈನ್ ಅವರದ್ದು, ಒಂದು ಮೇಲ್ ಒಂದು ಫೈಲು, ನ್ಯೂ, ಕರ್, ಟೆಂಪ್ ಅಂತ ಮೂರು ಫೋಲ್ಡರು. ಮೊದಲು ಟೆಂಪಲ್ಲಿ ಪೂರ್ತಿ ಬರೆದು ಆಮೇಲೆ ನ್ಯೂಗೆ ದಾಟಿಸ್ತದೆ, ಹಾಗಾಗಿ ಮಧ್ಯದಲ್ಲಿ ಕರೆಂಟ್ ಹೋದ್ರೆ ಹಾಳಾಗೋದು ಆ ಒಂದು ಮೇಲ್ ಮಾತ್ರ.

ಕರೆಂಟ್ ಅಂದ ಕೂಡ್ಲೇ ನಕ್ಕಿರಿ, ಗೊತ್ತು. ಜುಲೈ ತಿಂಗಳಲ್ಲಿ ನಾಪೋಕ್ಲು, ಭಾಗಮಂಡಲ ಕಡೆ ಮರ ಲೈನ್ ಮೇಲೆ ಬಿದ್ರೆ ದಿನಗಟ್ಟಲೆ ಕಾಯೋದು ನಮಗೇನು ಹೊಸದಾ, ಏಪ್ರಿಲ್ ಸಿಡಿಲಿಗೆ ಮೋಡೆಮ್ ಸುಟ್ಟು ನನ್ನ ಅಂಗಡಿಗೆ ಬರೋದೂ ಹೊಸದಲ್ಲ, ನನ್ನ ಮಗಳ ಫೀಸು ಅರ್ಧ ಸಿಡಿಲಿಂದಲೇ ಬಂದಿದೆ ಅನ್ನಬಹುದು. ಯುಪಿಎಸ್ ಬ್ಯಾಟರಿ ಸತ್ತಿರೋದು ಯಾರಿಗೂ ಗೊತ್ತಿರೋದಿಲ್ಲ, ಕರೆಂಟ್ ಹೋದಾಗಲೇ ಗೊತ್ತಾಗೋದು. ಇಂಥ ಜಾಗದಲ್ಲಿ 15 ಜಿಬಿಯ ಒಂದೇ ಫೈಲ್ ತೆರೆದಿಟ್ಕೊಂಡು ಕೂರೋದು ಅಂದ್ರೆ ಕಣದಲ್ಲಿ ಕಾಫಿ ಹರಡಿ ಮೋಡ ನೋಡ್ತಾ ಕೂತ ಹಾಗೆ.

ಈಗ ಹಿಂದಿನ ಸಾಲಲ್ಲಿ ಕೂತ ಅಕ್ಕ ಒಬ್ಬರು ಕೇಳ್ತಾ ಇದ್ದಾರೆ, ನಾವೆಲ್ಲ ಜಿಮೇಲ್ ಬಳಸೋದು, ಎಲ್ಲಾ ಸರ್ವರಲ್ಲೇ ಇರ್ತದಲ್ಲ, ಮತ್ಯಾಕೆ ಈ ತಲೆಬಿಸಿ ಅಂತ. ಒಳ್ಳೇ ಪ್ರಶ್ನೆ, ಸಾಫ್ಟ್‌ವೇರ್ ಬರೆಯೋರು ಹೇಳೋದೂ ಇದನ್ನೇ. ಐಮ್ಯಾಪ್ ಇದೆ, ನಿಮ್ಮ ಮಿಷಿನಲ್ಲಿ ಇರೋದು ಬರೀ ನಕಲು, ಎಲ್ಲಿಟ್ರೇನು ಅಂತ. ಅವರು ದೊಡ್ಡ ಊರಿನ ಫೈಬರ್ ಕನೆಕ್ಷನ್ ಮುಂದೆ ಕೂತು ಹೇಳ್ತಾರೆ. ನಾವು ಲೆಕ್ಕ ಹಾಕೋಣ. 12 ಜಿಬಿ ಮೇಲ್ ಇದೆ ಅಂತ ಇಟ್ಕೊಳ್ಳಿ, ನಿಮ್ಮ ತೋಟದ ಮನೇಲಿ 2 ಎಂಬಿಪಿಎಸ್ ಸ್ಪೀಡು ಬರ್ತದೆ ಅಂತ ಇಟ್ಕೊಳ್ಳಿ. ಒಂದು ನಿಮಿಷವೂ ತುಂಡಾಗದೆ ಬಂದ್ರೆ 13 ಗಂಟೆ ಚಿಲ್ಲರೆ ಬೇಕು. ಮಳೆಗಾಲದಲ್ಲಿ 13 ಗಂಟೆ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಇರೋ ಮನೆ ಯಾವುದು ಹೇಳಿ, ನಾನೂ ಅಲ್ಲಿಗೇ ಬಂದು ಇರ್ತೇನೆ. ಅವರಿಗೆ ನಕಲು ಅನ್ನಿಸೋದು ನಮಗೆ ಅಸಲಿನ ಬೆಲೆ. ಅದಲ್ಲದೆ ಸರ್ವರಲ್ಲಿ ಇಲ್ಲದ್ದೂ ಕೆಲವಿದೆ, ಥಂಡರ್‌ಬರ್ಡಲ್ಲಿ ಲೋಕಲ್ ಫೋಲ್ಡರ್ಸ್ ಅಂತ ಕಾಣ್ತದಲ್ಲ, ಅಲ್ಲಿಗೆ ಎಳೆದು ಹಾಕಿದ ಮೇಲ್ ನಿಮ್ಮ ಮಿಷಿನಲ್ಲಿ ಮಾತ್ರ ಇರೋದು, ನೀವು ಮಾಡಿಟ್ಟ ಫಿಲ್ಟರ್‌ಗಳು ಕೂಡ. ಜಿಮೇಲಿನ ಫ್ರೀ ಜಾಗ 15 ಜಿಬಿ, ಅದೂ ಫೋಟೋ ಡ್ರೈವ್ ಎಲ್ಲಾ ಸೇರಿ, ತುಂಬಿದ ಕೂಡ್ಲೇ ಜನ ಮಾಡೋದು ಏನು, ಹಳೇ ಮೇಲ್ ಲೋಕಲ್ ಫೋಲ್ಡರಿಗೆ ಎಳೆದು ಸರ್ವರ್ ಖಾಲಿ ಮಾಡೋದು. ಅಲ್ಲಿಗೆ ನಕಲೇ ಅಸಲಾಯ್ತು.

ಮ್ಯಾಕ್, ಲಿನಕ್ಸ್ ಬಗ್ಗೆ ಎರಡೇ ಮಾತು, ಇಲ್ಲಿ ಬಳಸೋರು ಕಡಿಮೆ. ಆಪಲ್ ಮೇಲ್ ಲೈಬ್ರರಿ ಫೋಲ್ಡರೊಳಗೆ ಇಡ್ತದೆ, 2011ರ ಲಯನ್ ಅನ್ನೋ ಮ್ಯಾಕ್ ವರ್ಷನಿಂದ ಆ ಲೈಬ್ರರಿಯನ್ನೇ ಕಾಣದ ಹಾಗೆ ಮಾಡಿದ್ದಾರೆ, ಆದ್ರೆ ಒಂದೊಂದು ಮೇಲ್ ಒಂದೊಂದು ಫೈಲು. ಲಿನಕ್ಸಲ್ಲಿ ಎಕ್ಸ್‌ಡಿಜಿ ಅಂತ ಒಂದು ಒಪ್ಪಂದ ಇದೆ, ಸೆಟ್ಟಿಂಗಿಗೆ ಒಂದು ಫೋಲ್ಡರು, ಡೇಟಾಕ್ಕೆ ಒಂದು, ಕ್ಯಾಶಿಗೆ, ಅಂದ್ರೆ ಬಿಸಾಡಿದ್ರೂ ನಡೆಯೋ ತಾತ್ಕಾಲಿಕ ನಕಲಿಗೆ, ಇನ್ನೊಂದು. ಎವೊಲ್ಯೂಷನ್ ಅನ್ನೋ ಮೇಲ್ ಸಾಫ್ಟ್‌ವೇರ್ ತನ್ನದೇ ಹಳೇ ಫೋಲ್ಡರ್ ಬಿಟ್ಟು ಅದಕ್ಕೆ ಹೊಂದ್ಕೊಂಡಿತು. ಮೂರು ಕೋಣೆ ಅನ್ನೋ ಆ ಯೋಚನೆ ನನಗೆ ಬಹಳ ಹಿಡಿಸ್ತದೆ, ಅಲ್ಲೂ ಅವು ಕಾಣದ ಕೋಣೆಗಳೇ ಅನ್ನೋದು ಬೇರೆ.

ಹಾಗಾದ್ರೆ ಎಲ್ಲಿಡ್ಬೇಕು ಅಂತೀರಿ? ಸಾಫ್ಟ್‌ವೇರ್ ಬರೆಯೋರ ಎದುರು ನಾನು ನಿಂತಿದ್ರೆ ಹೇಳೋದು ಹೀಗೆ. ಸೆಟ್ಟಿಂಗೂ ಕ್ಯಾಶೂ ಎಲ್ಲಿಗೆ ಬೇಕಾದ್ರೂ ಅಡಗಿಸ್ಕೊಳ್ಳಿ, ನನಗೆ ಬೇಡ. ಮೇಲ್ ಮತ್ತೆ ಅಡ್ರೆಸ್ ಬುಕ್ ಮಾತ್ರ ಬೇರೆ ಫೋಲ್ಡರಲ್ಲಿ ಇಡಿ, ಓದಿದ್ರೆ ಅರ್ಥ ಆಗೋ ಹೆಸರು ಇಡಿ. ಮೊದಲ ಸಲ ಅಕೌಂಟ್ ಹಾಕೋವಾಗಲೇ ಎಲ್ಲಿಡ್ಲಿ ಅಂತ ಕೇಳಿ, ಡಿ ಡ್ರೈವ್ ಅಂದ್ರೆ ಡಿ ಡ್ರೈವಲ್ಲಿ ಇಡಿ. ಸಿಂಕ್ ಆಗೋ ಫೋಲ್ಡರ್ ತೋರಿಸಿದ್ರೆ ಇಲ್ಲಿ ಬೇಡ ಅಂತ ಎಚ್ಚರಿಸಿ. ವರ್ಷನ್ ಬದಲಾದಾಗ ಮನೆ ಬದಲಾಯಿಸ್ಬೇಡಿ. ಇಷ್ಟೂ ಆಗಲ್ಲ ಅಂದ್ರೆ ಕಡೇ ಪಕ್ಷ ಎದುರಿಗೇ ಒಂದು ಬಟನ್ ಇಡಿ, ಒತ್ತಿದ್ರೆ ಆ ಫೋಲ್ಡರ್ ತೆರೀಬೇಕು. ಬಟನ್ ಈಗಲೂ ಇದೆ, ಆದ್ರೆ ಇರೋ ಜಾಗ ನೋಡಿ. ಥಂಡರ್‌ಬರ್ಡಲ್ಲಿ ಹೆಲ್ಪ್ ಮೆನು, ಅಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್, ಅದರೊಳಗೆ ಪ್ರೊಫೈಲ್ ಫೋಲ್ಡರ್ ಎದುರು ಓಪನ್ ಅಂತ. ಮನೆಗೆ ಬೆಂಕಿ ಬಿದ್ದ ಮೇಲೆ ನೋಡೋ ಪುಸ್ತಕದಲ್ಲಿ ಬಾವಿ ಎಲ್ಲಿದೆ ಅಂತ ಬರೆದ ಹಾಗೆ. ಔಟ್‌ಲುಕಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್, ಡೇಟಾ ಫೈಲ್ಸ್ ಅನ್ನೋ ಟ್ಯಾಬು, ಅಲ್ಲಿ ಓಪನ್ ಫೈಲ್ ಲೊಕೇಶನ್. ಹೊಸ ಔಟ್‌ಲುಕ್ ಅಂತ ಬಂದಿದೆಯಲ್ಲ ಅದರದ್ದಲ್ಲ, ಹಳೇ ಕ್ಲಾಸಿಕ್ ಔಟ್‌ಲುಕಿಂದು ಹೇಳ್ತಿರೋದು.

ಇದನ್ನ ಈಗಲೇ ಹೇಳೋಕೆ ಕಾರಣ ಇದೆ. ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ಆವತ್ತಿಂದ ನನ್ನ ಅಂಗಡೀಲಿ ಹಳೇ ಕಂಪ್ಯೂಟರಿಂದ ಹೊಸ ಲ್ಯಾಪ್‌ಟಾಪಿಗೆ ಸಾಗಿಸೋ ಕೆಲಸವೇ ಕೆಲಸ. ಬರೋ ಹುಡುಗರು, ಕೆಲಸ ಕಲಿಯೋಕೆ ಬಂದವರು, ನಾನು ಎಕ್ಸ್‌ಪಿ ಕಾಲದಲ್ಲಿ ಮಾಡಿದ್ದನ್ನೇ ಮಾಡ್ತಾರೆ, ಡಾಕ್ಯುಮೆಂಟ್ಸ್ ಕಾಪಿ, ಡೆಸ್ಕ್‌ಟಾಪ್ ಕಾಪಿ, ಆಯ್ತಣ್ಣ ಅಂತಾರೆ. ಆಪ್‌ಡೇಟಾ ನೋಡಿದ್ಯಾ ಅಂದ್ರೆ ಅದೆಲ್ಲಿದೆ ಅಂತಾರೆ.

ಕಡೇ ಪ್ರಶ್ನೆ, ಚೀಟೀಲಿ ಬಂದದ್ದು: ಇವತ್ತು ಮನೆಗೆ ಹೋಗಿ ಏನು ಮಾಡ್ಲಿ. ಮೊದಲು ಮೇಲ್ ಸಾಫ್ಟ್‌ವೇರ್ ಪೂರ್ತಿ ಕ್ಲೋಸ್ ಮಾಡಿ, ತೆರೆದಿದ್ದಾಗ ಕಾಪಿ ಮಾಡಿದ್ರೆ ಅರ್ಧಂಬರ್ಧ ಬರ್ತದೆ. ಆಗಲೇ ಹೇಳಿದ ದಾರಿ ಹಿಡಿದು ಫೋಲ್ಡರ್ ಹುಡುಕಿ, ಇಡಿಯಾಗಿ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಒಂದು ತುಂಡು ಕಾಗದದಲ್ಲಿ ಆ ದಾರಿ ಬರೆದು ಡಿಸ್ಕಿಗೆ ಅಂಟಿಸಿ. ಆಮೇಲೆ ಇನ್ನೊಂದು ಕಂಪ್ಯೂಟರಲ್ಲಿ ಅದನ್ನ ತೆರೆದು ಒಂದು ಹಳೇ ಮೇಲ್ ಓದಿ ನೋಡಿ. ಹೊಸದಲ್ಲ, ಹಳೇದು, 2016, 2017ರದ್ದು. ಅದು ತೆರೆದ್ರೆ ಡಿಸ್ಕನ್ನ ತೇವ ಹಿಡಿಯದ ಹಾಗೆ ಡಬ್ಬದಲ್ಲಿ ಹಾಕಿ, ಟ್ರಂಕಿನ ಒಳಗಿಡಿ.